ಸಾರಸೆನ್ನರು ಮತ್ತು ಮೂರನೆಯ ಕೂಗು

ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ನನ್ನನ್ನು ಕೂಗಿದರೆ ನಾನು ತಕ್ಷಣ ಓಗೊಡುವುದಿಲ್ಲ. ಒಂದು ಸಲ ಕೂಗಲಿ, ಎರಡು ಸಲ ಕೂಗಲಿ, ಸುಮ್ಮನಿರುತ್ತೇನೆ. ಮೂರನೆಯ ಸಲಕ್ಕೆ 'ಓ' ಅನ್ನುತ್ತೇನೆ. ಇದು ಸೊಕ್ಕಲ್ಲ, ಕಿವುಡೂ ಅಲ್ಲ. ಗಡಿಯ ಊರು ಬಾವಲಿ ಕಡೆಯ ಕಾಡಂಚಿನಲ್ಲಿ ಬೆಳೆದವರಿಗೆ ಇದು ಉಸಿರಾಡಿದಷ್ಟೇ ಸಹಜ. ಕಾಡಿನಲ್ಲಿ ಓಡಾಡುವ, ಮನುಷ್ಯರಲ್ಲದ ಕೆಲವಕ್ಕೆ ನಮ್ಮ ಧ್ವನಿಯನ್ನು ಕದಿಯಲು ಬರುತ್ತದಂತೆ. ಅಮ್ಮನ ಹಾಗೆ, ಅಣ್ಣನ ಹಾಗೆ ಕೂಗುತ್ತವಂತೆ. ಆದರೆ ಎರಡೇ ಸಲ. ಮೂರನೆಯ ಸಲ ಕೂಗುವ ತಾಕತ್ತು ಬದುಕಿರುವ ಮನುಷ್ಯರಿಗೆ ಮಾತ್ರ ಇರುವುದು.

ನೀವು ನಗಬಹುದು. ನನಗೂ ಹಗಲು ಹೊತ್ತಿನಲ್ಲಿ ನಗು ಬರುತ್ತದೆ.

ಹೋದ ವಾರ ಇದರಿಂದ ಒಂದು ಫಜೀತಿಯಾಯಿತು. ಅಣ್ಣನ ಸೊಸೆ ಸುಮ ಮಾನಂದವಾಡಿ ಪೇಟೆಯಲ್ಲಿ ಬೆಳೆದವಳು. ಅಂಗಳದ ಕೊನೆಯಲ್ಲಿ ನಿಂತು "ಅತ್ತೇ" ಎಂದು ಕೂಗಿದಳು. ನಾನು ಹಿತ್ತಿಲಲ್ಲಿ ಒಣಗಿದ ಕಾಳುಮೆಣಸನ್ನು ಚಾಪೆಯ ಸಮೇತ ಮಡಚುತ್ತಿದ್ದೆ. ಮತ್ತೆ ಕೂಗಿದಳು. ನಾನು ಮೂರನೆಯದಕ್ಕೆ ಕಾದೆ. ಮೂರನೆಯದು ಬರಲಿಲ್ಲ, ಸುಮಳೇ ಟಾರ್ಚು ಹಿಡಿದುಕೊಂಡು ಬಾವಿಯ ಕಡೆ ಓಡಿದ್ದಳು. ಅಣ್ಣ ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ದುಃಖದಲ್ಲಿ ಮುದುಕಿ ಏನಾದರೂ ಮಾಡಿಕೊಂಡಳೋ ಎಂದು ಪಾಪದ ಹುಡುಗಿ ಹೆದರಿದ್ದಳು. ಬಾವಿಗೆ ಬೆಳಕು ಬಿಟ್ಟು ನೋಡುತ್ತಿದ್ದವಳ ಬೆನ್ನ ಹಿಂದೆ ನಾನು ಚಾಪೆ ಹೊತ್ತುಕೊಂಡು ನಿಂತೆ. ಆಮೇಲೆ ಅವಳು ಬಹಳ ಹೊತ್ತು ಅತ್ತಳು, ನನ್ನನ್ನು ಬೈದಳು ಕೂಡ.

"ಎರಡು ಸಲ ಕರದ್ನಲ್ಲ ಅತ್ತೆ, ಬಾಯಿ ಇರ್ಲಿಲ್ವಾ?"

ಬಾಯಿ ಇತ್ತು. ಧೈರ್ಯ ಇರಲಿಲ್ಲ ಎಂದು ಹೇಳುವುದು ಹೇಗೆ? ಅರವತ್ತು ದಾಟಿದ ಮೇಲೆ ಮನುಷ್ಯರು ಹೆದರುವುದನ್ನು ಕಿರಿಯರು ಒಪ್ಪುವುದಿಲ್ಲ. ನಮ್ಮ ಭಯವೆಲ್ಲ ಮುಗಿದಿರಬೇಕು ಎಂದುಕೊಂಡಿರುತ್ತಾರೆ.

ಈ ನಿಯಮವನ್ನು ನನಗೂ ಅಣ್ಣನಿಗೂ ಕಲಿಸಿದವನು ಕರಿಯ. ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದವನು. ಊರಿನವರೆಲ್ಲ ಅವನ ಜನರನ್ನು ಅಡಿಯರು ಎನ್ನುತ್ತಿದ್ದರು. ಅಡಿಯ ಎಂದರೆ ಜೀತದಾಳು, ಕಾಲಡಿಯವನು. ಅವರು ತಮ್ಮತಮ್ಮಲ್ಲಿ ಮಾತ್ರ ರಾವುಳರು ಎಂದು ಹೇಳಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ನಾನು ಅವೆರಡೂ ಬೇರೆ ಬೇರೆ ಜನ ಎಂದೇ ತಿಳಿದಿದ್ದೆ. ನಾವು ಜೈನರು, ಎಂದೋ ಕರ್ನಾಟಕದಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲೆಯಾಳ. ನನ್ನ ಕನ್ನಡ ಅಕ್ಷರಗಳು ಅಪ್ಪ ಮಣೆಯ ಮೇಲೆ ಮರಳು ಹರವಿ ತಿದ್ದಿಸಿದವು. ಆದ್ದರಿಂದ ಈ ಬರಹ ಅಲ್ಲಲ್ಲಿ ಮರಳಿನಂತೆ ಜಾರಿದರೆ ಮನ್ನಿಸಿ.

ಅಪ್ಪ ಬೇಗ ಹೋದರು. ಅಣ್ಣನ ಹೆಸರು ಧರಣ. ಮಾನಂದವಾಡಿಯ ಮಿಷನ್ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಅಲ್ಲಿಗೆ ಬಿಟ್ಟು, ಗದ್ದೆಗೆ ಇಳಿದ. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ ಅವನ ಬಳಿ ಕೊನೆಯವರೆಗೆ ಉಳಿದದ್ದು ಒಂದೇ ಪದ. ಅದು ಬಸ್ಸು ಹತ್ತಲೂ ಒದಗುವುದಿಲ್ಲ, ಅರ್ಜಿ ಬರೆಯಲೂ ಒದಗುವುದಿಲ್ಲ. ಸಾರಸೆನ್.

ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಒಬ್ಬ ಮುದಿ ಅಚ್ಚನ್. ಅಚ್ಚನ್ ಎಂದರೆ ಇಲ್ಲಿ ಪಾದ್ರಿ. ಪಾಠದಲ್ಲಿ ಯಾವುದೋ ದೊರೆ ಕುದುರೆ ಹತ್ತಿ ಯುದ್ಧಕ್ಕೆ ಹೋಗುತ್ತಾನೆ. ಎದುರಿಗೆ ಬಂದವರು ಸಾರಸೆನ್ನರು. ಹಾಗೆಂದರೆ ಯಾರು ಎಂದು ಅಣ್ಣ ಕೇಳಿದನಂತೆ. ಅರಬರು ಎಂದರಂತೆ ಅಚ್ಚನ್. ಹಾಗಾದರೆ ಅರಬರು ಎಂದೇ ಏಕೆ ಬರೆಯಲಿಲ್ಲ? ಆ ಪ್ರಶ್ನೆಯಿಂದ ಮುದುಕರಿಗೆ ಖುಷಿಯಾಗಿ, ಪಾಠ ಬಿಟ್ಟು ಉಳಿದ ಹೊತ್ತೆಲ್ಲ ಅದನ್ನೇ ಹೇಳಿದರಂತೆ. ಲ್ಯಾಟಿನ್ನಿನಲ್ಲಿ ಸರಚೇನಿ, ಇಂಗ್ಲಿಷಿಗೆ ಬಂದು ಸಾರಸೆನ್. ಮೊದಲು ಅದು ಮರಳುಗಾಡಿನ ಅಂಚಿನಲ್ಲಿ ಡೇರೆ ಹಾಕಿಕೊಂಡಿದ್ದ ಯಾವುದೋ ಒಂದು ಸಣ್ಣ ಗುಂಪಿನ ಹೆಸರು. ಆಮೇಲೆ ಆ ಮರಳುಗಾಡಿನ ಎಲ್ಲರಿಗೂ ಅದೇ ಹೆಸರಾಯಿತು. ಇನ್ನೂ ಆಮೇಲೆ ಆ ಧರ್ಮದವರು ಎಲ್ಲಿದ್ದರೂ, ಮರಳನ್ನೇ ಕಾಣದಿದ್ದರೂ, ಸಾರಸೆನ್ನರೇ ಆದರು. ಪದದ ಮೂಲ ಯಾರಿಗೂ ಖಚಿತವಿಲ್ಲ. ಕೆಲವರು ಸಾರಾ ಎಂಬ ಪುರಾಣದ ಅಜ್ಜಿಯಿಂದ ಬಂತು ಎಂದರು, ಕೆಲವರು ಮೂಡಣ ದಿಕ್ಕಿನವರು ಎಂದರು, ಕೆಲವರು ಕಳ್ಳರು ಎಂದರು. ಇಷ್ಟೆಲ್ಲ ಚರ್ಚೆ ಮಾಡಿದವರಲ್ಲಿ ಆ ಜನ ಇರಲಿಲ್ಲ. ಅವರು ತಮ್ಮನ್ನು ಹಾಗೆ ಕರೆದುಕೊಂಡದ್ದೇ ಇಲ್ಲ.

ಅಣ್ಣ ಇದನ್ನು ಮನೆಗೆ ತಂದು, ಸಂಜೆಯೂಟದ ಹೊತ್ತಿನಲ್ಲಿ ಬಡಿಸಿದ. ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಆದ್ದರಿಂದ ಅವ್ವ ಅರ್ಧ ಕಿವಿಯನ್ನು ಮಾತಿಗೂ ಒಂದು ಕಣ್ಣನ್ನು ಪಡುವಣಕ್ಕೂ ಕೊಟ್ಟಿದ್ದಳು. ಎಲ್ಲ ಕೇಳಿಕೊಂಡು ಒಂದೇ ಮಾತು ಕೇಳಿದಳು.

"ಅವ್ರಿಗೆ ಅವ್ರದ್ದೇ ಹೆಸ್ರು ಇರ್ಲಿಲ್ವೇನೋ?"

"ಇತ್ತವ್ವಾ. ಕೇಳ್ದೋರಿಲ್ಲ."

ಅಂದಿನಿಂದ ಅದು ನಮ್ಮ ಆಟವಾಯಿತು. ಅಣ್ಣನಿಗೆ ಮೆಣಸಿನ ಚಾಪೆಗೆ ಬರುವ ಕೋಳಿಗಳೆಲ್ಲ ಸಾರಸೆನ್ನರು. ಪಕ್ಕದ ಮನೆಯ ಕೋಳಿ ಒಂದು ಬಂದರೂ ಸರಿ, ಕೇರಿಯ ಕೋಳಿಗಳಿಗೆಲ್ಲ ಏಟು.

ಮೆಣಸು ಕೊಳ್ಳಲು ಬರುತ್ತಿದ್ದವರು ಮುಸ್ಲಿಂ ವ್ಯಾಪಾರಿ ಮೊಯ್ದು ಕಾಕ. ಎತ್ತಿನ ಗಾಡಿಯಲ್ಲಿ ಬಾವಲಿ, ಕುಟ್ಟ, ಕೋಟೆ ಎಂದು ಗಡಿಯ ಎರಡೂ ಕಡೆಯ ಊರು ತಿರುಗುವವರು. ತಮ್ಮ ಮುತ್ತಜ್ಜನ ಅಜ್ಜ ಹಡಗಿನಲ್ಲಿ ಬಂದ ಅರಬ ಎಂದು ಅವರೇ ಹೇಳುತ್ತಿದ್ದರು. ಅಣ್ಣ ಬಿಟ್ಟಾನೆಯೇ? ಹಾಗಾದರೆ ನೀವು ಸಾರಸೆನ್ ಎಂದು ವಿವರಿಸಿದ. ಕಾಕ ಮೆಣಸನ್ನು ಅಂಗೈಯಲ್ಲಿ ಉಜ್ಜಿ ಊದುತ್ತ ಎಲ್ಲ ಕೇಳಿದರು.

"ನೋಡು ಮೋನೆ," ಅಂದರು ಮಗನಿಗೆ ಹೇಳುವ ಹಾಗೆ, "ಬಾವಲೀಲಿ ನಾನು ಮಾಪಿಳೆ. ಕುಟ್ಟದಲ್ಲಿ ಮಲೆಯಾಳಿ. ಕೋಟೇಲಿ ಸಾಬಿ. ಮನೇಲಿ ಹೆತ್ತ ಉಮ್ಮಾಗೆ ಮಾತ್ರ ಮೊಯ್ದು. ಇನ್ನೊಂದು ಹೇರಿದ್ರೆ ನನ್ನ ಎತ್ತು ಏಳೋದಿಲ್ಲ."

ಇಷ್ಟು ನಗುತ್ತಿದ್ದೆವು ಎಂದು ಈಗ ನೆನೆದರೆ ಆಶ್ಚರ್ಯ. ಯಾಕೆಂದರೆ ಅದರ ಮುಂದಿನ ವರ್ಷವೇ ತಿರುನೆಲ್ಲಿ ಕಡೆ ಜಮೀನುದಾರರ ಮನೆಗಳ ಮೇಲೆ ದಾಳಿಯಾಗಿ, ಕಾಡಿಗೆ ಪೊಲೀಸರು ತುಂಬಿದರು.

ನಕ್ಸಲೈಟ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆಗ. ಮೊದಲು ಅದು ಕಾಡಿನೊಳಗಿದ್ದ, ಯಾರೂ ಕಂಡಿರದ ಕೆಲವೇ ಜನರ ಹೆಸರಾಗಿತ್ತು. ಆಮೇಲೆ ಕೂಲಿ ಹೆಚ್ಚು ಕೇಳಿದವರಿಗೂ ಬಂತು. ಆಮೇಲೆ ತುಂಡು ಭೂಮಿಗೆ ಬೇಲಿ ಕಟ್ಟಿದವರಿಗೆ. ಕೊನೆಗೆ ಮುಸ್ಸಂಜೆಯಲ್ಲಿ ಬೆಳಕಿಗೆಂದು ಒಣಗರಿಯ ಸೂಡಿ ಹಿಡಿದು ನಡೆದವರಿಗೂ. ಜನ ಸೂಡಿ ಇಲ್ಲದೆ ನಡೆಯಲು ಕಲಿತರು. ಹಾಗೆ ನಡೆದರೆ ಆನೆಯ ಭಯ, ಬೆಳಕು ಹಿಡಿದರೆ ಪೊಲೀಸರ ಭಯ. ಅವ್ವ ನನ್ನ ಕೆಂಪು ರಿಬ್ಬನ್ನನ್ನು ಒಲೆಗೆ ಹಾಕಿದಳು. ಅಣ್ಣನ ಕೆಂಪು ಅಂಚಿನ ಪಂಚೆಯ ಅಂಚನ್ನು ಹರಿದು ತೆಗೆದಳು. ಪಕ್ಕದ ಮನೆ ಹುಂಜದ ಜುಟ್ಟಿಗೆ ಏನು ಮಾಡ್ತೀಯವ್ವಾ ಎಂದು ಅಣ್ಣ ಕೇಳಿದ. ಅವ್ವ ನಗಲಿಲ್ಲ. ಆ ಮನೆಯಲ್ಲಿ ಅಣ್ಣನ ಮಾತಿಗೆ ಯಾರೂ ನಗದೆ ಇದ್ದದ್ದು ಅದೇ ಮೊದಲು; ನನಗೆ ಪೊಲೀಸರಿಗಿಂತ ಹೆಚ್ಚು ಭಯವಾದದ್ದು ಅದರಿಂದ.

ಬತ್ತದ ತೆನೆ ಬಾಗಿತ್ತು. ಕಾಡುಹಂದಿ ನುಗ್ಗದಂತೆ ಕಾಯಲು ಗದ್ದೆಯ ಅಂಚಿನ ಮರದ ಮೇಲೆ ಅಟ್ಟಣೆ ಕಟ್ಟಿದ್ದೆವು. ಅಣ್ಣ ಹೊತ್ತಿರುವಾಗಲೇ ಉಂಡು ಕರಿಯನ ಜೊತೆ ಅಲ್ಲಿಗೆ ಹೋಗುತ್ತಿದ್ದ. ಆ ಸಂಜೆ ಅವರು ಹೋದ ಸ್ವಲ್ಪ ಹೊತ್ತಿಗೆ ಪೊಲೀಸರು ನಮ್ಮ ಅಂಗಳಕ್ಕೆ ಬಂದರು. ಹೊರ ಊರಿನವರು. ಬೂಟಿಗೆ ಅಂಟಿದ ಕೆಸರನ್ನು ಮೆಟ್ಟಿಲಿಗೆ ಉಜ್ಜುತ್ತ, ಮನೆಯ ಗಂಡಸು ಎಲ್ಲಿ, ಹೆಸರೇನು ಎಂದು ಮಲೆಯಾಳದಲ್ಲಿ ಕೇಳಿದರು. ಅವ್ವ ಅಣ್ಣನ ಹೆಸರು ಹೇಳಿದಳು, ಗದ್ದೆಯ ಕಡೆ ಕೈ ತೋರಿಸಿದಳು. ಮುಚ್ಚಿಡಲು ಏನೂ ಇರಲಿಲ್ಲ. ಒಬ್ಬ ಒಳಗೆ ಹೋಗಿ ಒಲೆಯ ಬೂದಿಯನ್ನು ಮುಟ್ಟಿ ನೋಡಿದ. ಇಷ್ಟು ಬೇಗ ಒಲೆ ಆರಿಸಿದ್ದೇಕೆ ಎಂದು ಕೇಳಿದ. ನಾವು ಜೈನರು ಎಂದು ಅವ್ವ ಹೇಳಿದ್ದು ಅವನಿಗೆ ಉತ್ತರದಂತೆ ಕಾಣಲಿಲ್ಲ.

ಅವರು ಗದ್ದೆಯ ಬದುವಿಗೆ ಇಳಿದರು. ಮಂಜು ಕಟ್ಟಿತ್ತು. ಅಟ್ಟಣೆಯ ಮರ ಒಂದು ಕಪ್ಪು ಗುರುತಿನಂತೆ ಕಾಣುತ್ತಿತ್ತು. ಅಲ್ಲಿಂದ ಒಬ್ಬ ಕೂಗಿದ.

"ಧರಣಾ."

ಅವ್ವ ಅಂಗಳದ ತುಳಸಿಯ ಹತ್ತಿರ ನಿಂತಿದ್ದಳು. ನಾನು ಅವಳ ಸೀರೆ ಹಿಡಿದಿದ್ದೆ. ಮರದಿಂದ ಸದ್ದಿಲ್ಲ.

"ಧರಣಾ."

ಅಟ್ಟಣೆಯ ಮೇಲೆ ಏನಾಯಿತೆಂದು ಅಣ್ಣ ಆಮೇಲೆ ಹೇಳಿದ. ಮೊದಲ ಕೂಗಿಗೇ ಅವನು ಎದ್ದು ಕೂತಿದ್ದನಂತೆ. ಗೊತ್ತಿಲ್ಲದ ಧ್ವನಿ, ಮಂಜಿನೊಳಗಿನಿಂದ, ತನ್ನ ಹೆಸರು ಹಿಡಿದು. ಕರಿಯ ಅವನ ಮೊಣಕೈ ಹಿಡಿದು ಕಿವಿಯಲ್ಲಿ, "ಮೂರಾಗ್ಲಿ, ಸಣ್ಣಯ್ಯ" ಅಂದನಂತೆ.

ಅಂಗಳದಲ್ಲಿ ನಾವೂ ಮೂರಕ್ಕೇ ಕಾಯುತ್ತಿದ್ದೆವು. ಇನ್ನೊಂದು ಸಲ ಕೂಗಲಿ, ಇನ್ನೊಂದೇ ಸಲ. ಅವ್ವನ ತುಟಿ ಅಲ್ಲಾಡುತ್ತಿತ್ತು. ಆದರೆ ಹೊರ ಊರಿನವರಿಗೆ ಎರಡು ಸಲ ಕೂಗುವುದೇ ಹೆಚ್ಚು. ಮೂರನೆಯ ಕೂಗಿನ ಜಾಗದಲ್ಲಿ ಸೀಟಿ ಊದಿದರು. ಬೂಟುಗಳು ಬತ್ತವನ್ನು ತುಳಿಯುತ್ತ ಓಡಿದ ಸದ್ದು ಬಂತು. ಆಮೇಲೆ ಏಟಿನ ಸದ್ದು. ಅಣ್ಣ ಒಮ್ಮೆಯೂ ಕಿರುಚಲಿಲ್ಲ. ಕರಿಯ ಕಿರುಚಿದ.

ಹೆಸರು ಹಿಡಿದು ಕರೆದರೂ ಉಸಿರು ಬಿಗಿಹಿಡಿದು ಕೂತವನು ನಕ್ಸಲನಲ್ಲದೆ ಇನ್ನಾರು? ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು. ಇಬ್ಬರನ್ನೂ ಎಸ್ಟೇಟ್ ಬಂಗಲೆಯಲ್ಲಿದ್ದ ಕ್ಯಾಂಪಿಗೆ ಕರೆದೊಯ್ದರು.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಗದ್ದೆ ಕಾಯುವವರಿಲ್ಲದೆ ಹಂದಿ ನುಗ್ಗಿತು. ಸಂಬಂಧಿಕರು ಬರಲಿಲ್ಲ, ಬಂದವರು ಮೆಟ್ಟಿಲು ಹತ್ತಲಿಲ್ಲ. ಕ್ಯಾಂಪಿಗೆ ಹೋದವರಲ್ಲಿ ಕೆಲವರು ಬರಲೇ ಇಲ್ಲ ಎಂಬ ಸುದ್ದಿ ಮಾತ್ರ ಯಾರೂ ತರದೆ ತಾನೇ ಮನೆಯೊಳಗೆ ಬಂತು. ಅವ್ವ ದಿನಾ ಬಿಸಿಲಿರುವಾಗಲೇ ಅಣ್ಣನ ತಟ್ಟೆಗೆ ಬಡಿಸಿ ಮುಚ್ಚಿಡುತ್ತಿದ್ದಳು. ಹೊತ್ತು ಮುಳುಗಿದ ಕೂಡಲೇ ಆ ಅನ್ನವನ್ನು ಎತ್ತಿ ದನಕ್ಕೆ ಹಾಕುತ್ತಿದ್ದಳು. ಅಂದಿನ ಆಸೆ ಅಲ್ಲಿಗೆ ಮುಗಿದಂತೆ. ನಾನು ಸಂಜೆಯಾಗುವುದಕ್ಕೇ ಹೆದರಲು ಕಲಿತದ್ದು ಹಾಗೆ.

ಕ್ಯಾಂಪಿಗೆ ದಿನಸಿ ಹಾಕುತ್ತಿದ್ದವರು ಮೊಯ್ದು ಕಾಕ. ಅವ್ವ ಅವರ ಗಾಡಿಗೆ ಅಡ್ಡ ನಿಂತಳು. ನೊಗ ಹಿಡಿದು, ಮಗ ಮೂರನೆಯ ಕೂಗಿಗೆ ಕಾದದ್ದನ್ನು ಹೇಳಿದಳಂತೆ. ಮುಂದೆ ನಡೆದದ್ದನ್ನು ಕಾಕ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲ ಇನ್ಸ್‌ಪೆಕ್ಟರರ ಮೀಸೆ ಸ್ವಲ್ಪ ಬೆಳೆಯುತ್ತಿತ್ತು; ಉಳಿದದ್ದು ಒಂದೇ ತರಹ ಇರುತ್ತಿತ್ತು.

ಸಂಜೆ ದಿನಸಿ ಇಳಿಸುವಾಗ ಕಾಕ ಇನ್ಸ್‌ಪೆಕ್ಟರರಿಗೆ ಈ ಮೂರು ಕೂಗಿನ ವಿಷಯ ಹೇಳಿದರು. ಅವರು ನಕ್ಕರು. ಕಳ್ಳನಿಗೆ ಒಳ್ಳೆಯ ನೆಪ ಅಂದರು. ಆಗ ಕಾಕ ಬಂಗಲೆಯ ಹಿಂದೆ ಅನ್ನ ಬೇಯಿಸುತ್ತಿದ್ದವನನ್ನು ತೋರಿಸಿದರು. ಅವನು ತಿರುನೆಲ್ಲಿ ಕಡೆಯವನು, ಕೇಳಪ್ಪ ಎಂದು. ಪೊಲೀಸರೇ ತಂದಿಟ್ಟುಕೊಂಡ ಅಡುಗೆಯವನು. ಬೇಲಿಯ ಆಚೆ ಮರೆಯಲ್ಲಿ ನಿಂತು ಯಾರಾದರೂ ಅವನ ಹೆಸರು ಕೂಗಲಿ ಸಾರ್, ನೀವೇ ನೋಡಿ, ಅಂದರು.

ಕತ್ತಲು ಇಳಿಯುತ್ತಿತ್ತು. ಒಬ್ಬ ಪೇದೆ ಬೇಲಿಯ ಆಚೆಯಿಂದ ಕೂಗಿದ. ಕೇಳಪ್ಪ ಸೌಟು ತಿರುಗಿಸುತ್ತಲೇ ಇದ್ದ. ಎರಡನೆಯ ಸಲ ಕೂಗಿದ. ಕೇಳಪ್ಪನ ಬೆನ್ನು ನೆಟ್ಟಗಾಯಿತು, ಸೌಟು ನಿಂತಿತು. ಆದರೆ ತಿರುಗಿ ನೋಡಲಿಲ್ಲ. ಕಾಕ ಇಲ್ಲಿ ಯಾವಾಗಲೂ ಮಾತು ನಿಲ್ಲಿಸುತ್ತಿದ್ದರು. ಅವನು ಮೂರನೆಯದಕ್ಕೂ ಸುಮ್ಮನಿದ್ದಿದ್ದರೆ, ಇಲ್ಲ ಎರಡನೆಯದಕ್ಕೇ ತಿರುಗಿದ್ದರೆ, ನಿನ್ನ ಅಣ್ಣ ಹೋದ ಮೋಳೆ, ನಾನೂ ಹೋದೆ, ಎಂದು ಮಗಳಿಗೆ ಹೇಳುವ ಹಾಗೆ ನನಗೆ ಹೇಳುತ್ತಿದ್ದರು. ಮೂರನೆಯ ಸಲ ಕೂಗಿದಾಗ ಕೇಳಪ್ಪ ಉಸಿರು ಬಿಟ್ಟು, "ಓ, ಬಂದೇ" ಅಂದ.

ಇನ್ಸ್‌ಪೆಕ್ಟರರು ಒಳಗೆ ಹೋಗಿ ಅಣ್ಣನನ್ನು ಬಿಡಲು ಹೇಳಿದರಂತೆ. ಅವರ ಊರಿನಲ್ಲಿ ಅವರ ಅಜ್ಜಿ ಏನೇನು ಹೇಳಿಕೊಟ್ಟಿದ್ದಳೋ, ಯಾರಿಗೆ ಗೊತ್ತು.

ಗಾಡಿ ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಅಂದಿನ ಅನ್ನ ಆಗಲೇ ದನದ ಪಾಲಾಗಿತ್ತು. ಅಣ್ಣ ಜಗಲಿಯ ಮೇಲೆ ಕೂತ. ಮುಖದ ಒಂದು ಕಡೆ ಬಾತು, ಕಣ್ಣು ಮುಚ್ಚಿಹೋಗಿತ್ತು. ಅವ್ವ ಅವನನ್ನು ಮುಟ್ಟಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ಹುಟ್ಟಿದಂದಿನಿಂದ ಆ ಮನೆಯ ಒಲೆ ಹೊತ್ತು ಮುಳುಗಿದ ಮೇಲೆ ಉರಿದದ್ದನ್ನು ಕಂಡಿರಲಿಲ್ಲ. ಗಂಜಿ ತಂದು ಅವನ ಮುಂದಿಟ್ಟಳು.

"ಹೊತ್ತು ಮುಳುಗ್ತು, ಅವ್ವಾ."

"ಮುಳುಗ್ಲಿ. ಉಣ್ಣು."

ಅವನು ಉಂಡ. ಕಾಕ ಅಂಗಳದಲ್ಲಿ ಎತ್ತಿನ ಕೊರಳು ತುರಿಸುತ್ತ ಬೇರೆ ಕಡೆ ನೋಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅಣ್ಣ ಧರಣನಾಗಿಯೇ ಉಳಿಯುತ್ತಿದ್ದ. ಆದರೆ ಕರಿಯ ಕ್ಯಾಂಪಿನಲ್ಲೇ ಇದ್ದ. ಅವನನ್ನು ಬಿಡಿಸಲು ಯಾರೂ ಗಾಡಿಗೆ ಅಡ್ಡ ನಿಂತಿರಲಿಲ್ಲ. ಕೂಗಿದ್ದು ಅವನ ಹೆಸರನ್ನೂ ಅಲ್ಲ. ಬರಿದೆ ಜೊತೆಯಲ್ಲಿದ್ದ ಅಡಿಯ. ಮುಖದ ಬಾವು ಇಳಿದ ಕೂಡಲೇ ಅಣ್ಣ ಅಂಗಿ ಹಾಕಿಕೊಂಡ. ಅವ್ವ ಬಾಗಿಲಿಗೆ ಅಡ್ಡ ಬಂದಳು.

"ಒಂದ್ಸಲ ಬಿಟ್ಟವ್ರೆ. ಇನ್ನೊಂದ್ಸಲ ಬಿಡಲ್ಲ ಕಣೋ."

"ನನ್ನ ಮೊಣಕೈ ಹಿಡ್ಕೊಂಡೋನು ಅವ್ನು."

ಅಷ್ಟೇ ಹೇಳಿ ಹೋದ. ಅಂಗಿಯ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿಕೊಂಡಿದ್ದ. ಅಂದು ಅವನನ್ನು ಕ್ಯಾಂಪಿನ ಬಾಗಿಲಲ್ಲಿ ನಿಲ್ಲಿಸಿ ಕಳಿಸಿದರು. ಮರುದಿನ ಮತ್ತೆ ಹೋದ. ಆಮೇಲೂ ಹೋದ. ಕರಿಯ ಒಂದು ದಿನ ಕೋಲೂರಿಕೊಂಡು ಬಂದ. ಅಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿತ್ತು. ಸುಮ್ಮನೆ ಸಿಕ್ಕಿಬಿದ್ದವನು ಬಿಟ್ಟರೆ ಸಾಕೆಂದು ಮನೆಯಲ್ಲಿರುತ್ತಾನೆ. ಅಡಿಯನಿಗಾಗಿ ಪೊಲೀಸರ ಬಾಗಿಲು ಬಡಿದವನು ನಕ್ಸಲನೇ ಸರಿ.

ಆ ಹೆಸರು ಅವನನ್ನು ಬಿಡಲಿಲ್ಲ. ಅಂಗಡಿಯಲ್ಲಿ ನಕ್ಸಲ್ ಧರಣ, ಬಸ್ಸಿನಲ್ಲಿ ನಕ್ಸಲ್ ಧರಣ. ಎರಡು ಮದುವೆ ಮಾತುಕತೆ ಅದರಿಂದಲೇ ಮುರಿದವು. ವಯಸ್ಸಾದ ಮೇಲೆ ಹುಡುಗರು ಅದನ್ನು ಗೌರವವೆಂದು ತಿಳಿದು ಕರೆಯತೊಡಗಿದರು. ಅದು ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು. ಅವನು ಯಾವ ಪಕ್ಷಕ್ಕೂ ಸೇರಿದವನಲ್ಲ. ಇರುವೆ ತುಳಿಯಬಾರದೆಂದು ನೆಲ ನೋಡಿಕೊಂಡು ನಡೆಯುವವನು. ಯಾರಾದರೂ ಹಾಗೆ ಕರೆದಾಗ ನನ್ನ ಕಡೆ ತಿರುಗಿ ಮೆಲ್ಲಗೆ, "ಸಾರಸೆನ್" ಎನ್ನುತ್ತಿದ್ದ. ನಾನು "ಸರಚೇನಿ" ಎನ್ನುತ್ತಿದ್ದೆ. ಗಂಡ ಹೋದ ಮೇಲೆ ನಾನು ಈ ಮನೆಗೇ ಮರಳಿದೆ. ಆಮೇಲೂ ಈ ಮಾತು ನಮ್ಮಿಬ್ಬರ ನಡುವೆ ನಡೆದೇ ಇತ್ತು. ಅತ್ತಿಗೆಗೂ ಅದು ಅರ್ಥವಾಗುತ್ತಿರಲಿಲ್ಲ. ಮುದಿ ಅಣ್ಣತಂಗಿ ಹೀಗೆ ಪಿಸುಗುಟ್ಟುವುದನ್ನು ಕಂಡು ಸುಮ ಇವರೇನೋ ಮಂತ್ರ ಹೇಳಿಕೊಳ್ಳುತ್ತಾರೆ ಎಂದುಕೊಂಡಿದ್ದಳು.

ಇನ್ನೊಂದು ವಿಷಯ. ಕ್ಯಾಂಪಿನ ಏಟಿಗೆ ಅಣ್ಣನ ಎಡಗಿವಿ ಹೋಗಿತ್ತು. ಆಮೇಲೆ ಹಗಲಾಗಲಿ ಸಂಜೆಯಾಗಲಿ ಅವನು ಮೂರನೆಯ ಕೂಗಿಗೇ ಓಗೊಡುತ್ತಿದ್ದ. ಅದು ಕರಿಯನ ನಿಯಮವೋ ಪೊಲೀಸರ ಏಟೋ ನಮಗೆ ತಿಳಿಯಲಿಲ್ಲ. ಒಮ್ಮೆ ಕೇಳಿದೆ. ನನಗೂ ಈಗ ಗೊತ್ತಾಗಲ್ಲ ಅಂದ.

ಮಾನಂದವಾಡಿಯ ಆಸ್ಪತ್ರೆಯಲ್ಲಿ ನರ್ಸ್ ಅವನ ಹೆಸರು ಕರೆದು, ಉತ್ತರ ಬಾರದೆ ನನ್ನ ಮುಖ ನೋಡುತ್ತಿದ್ದಳು. ಮೂರು ಸಲ ಕರಿ ಮೋಳೆ, ಎನ್ನುತ್ತಿದ್ದೆ. ಮೂರನೆಯ ಸಲಕ್ಕೆ ಅವನು ಕಣ್ಣು ಬಿಟ್ಟು "ಓ" ಅನ್ನುತ್ತಿದ್ದ. ಅವಳಿಗೆ ಅದೊಂದು ಚಮತ್ಕಾರ. ಬೇರೆ ನರ್ಸುಗಳನ್ನೂ ಕರೆತಂದು ತೋರಿಸಿದಳು. ಇನ್ನೇನೂ ಮಾಡುವಂತಿಲ್ಲ ಎಂದಾದ ಮೇಲೆ ಮನೆಗೆ ತಂದೆವು.

ಆ ಸಂಜೆ ಅವನು ಏನೂ ಉಣ್ಣಲಿಲ್ಲ. ಪಡುವಣ ಕಿಟಕಿಯಲ್ಲಿ ಬೆಳಕು ಹೋಗುತ್ತಿತ್ತು. ಎದೆ ಏರಿಳಿಯುವುದು ನನಗೆ ಕಾಣಲಿಲ್ಲ. ಬೆಳಕು ಸಾಲದೆ ಎಂದುಕೊಂಡೆ. ಅವನ ಬಲಗಿವಿಯ ಹತ್ತಿರ ಬಾಗಿ "ಅಣ್ಣಾ" ಅಂದೆ. ಸ್ವಲ್ಪ ತಡೆದು ಮತ್ತೆ "ಅಣ್ಣಾ" ಅಂದೆ. ಸುಮ ಬಂದು ಅವನ ಮೂಗಿನ ಬಳಿ ಕೈ ಹಿಡಿದಳು, ಆಮೇಲೆ ಆ ಕೈಯನ್ನು ನನ್ನ ಹೆಗಲ ಮೇಲಿಟ್ಟಳು.

ನಾನು ಮೂರನೆಯ ಸಲ ಕರೆಯಲಿಲ್ಲ.

ಬದುಕಿರುವವರು ಮಾತ್ರ ಮೂರನೆಯ ಸಲ ಕೂಗಬಲ್ಲರು ಎಂದು ಕರಿಯ ಹೇಳಿದ್ದ. ಮೂರನೆಯ ಸಲ ಕೂಗಿದರೂ ಓಗೊಡದವರ ವಿಷಯ ಅವನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಒಂದು ಕೂಗು ನನ್ನ ಬಳಿಯೇ ಉಳಿದಿದೆ. ದಿನಾ ಸಂಜೆ ಮೆಣಸಿನ ಚಾಪೆ ಮಡಚುವಾಗ ಗಂಟಲವರೆಗೆ ಬರುತ್ತದೆ. ಗದ್ದೆಯ ಕಡೆ ನೋಡುತ್ತೇನೆ, ಮಂಜು ಕಟ್ಟಿರುತ್ತದೆ. ಭಯವಾಗುತ್ತದೆ. ಅದನ್ನು ಹಾಗೆಯೇ ನುಂಗಿಕೊಂಡು, ಒಳಗೆ ಬಂದು ಬಾಗಿಲು ಹಾಕುತ್ತೇನೆ.